ಜ್ವರ ಅಂತ ಹೇಳಿದ್ವಿ, ಅಣ್ಣ

ಲೋಹಿತಣ್ಣಾ,

ನಿನ್ನ ಹಳೇ ಚಾಟಲ್ಲೇ ಬರೀತಿದೀನಿ, ಕಳಿಸಲ್ಲ. ನೀನು ಹೋದ್ಮೇಲೆ ಈ ನಂಬರ್ ಯಾರಿಗೋ ಸಿಕ್ಕಿದೆ, ಡಿಪಿಯಲ್ಲಿ ಟ್ರ್ಯಾಕ್ಟರ್ ಇದೆ.

ನಂಗೀಗ ಐದು ತಿಂಗಳು. ಇವತ್ತು ಸಾಗರದಲ್ಲಿ ಸ್ಕ್ಯಾನಿಂಗ್ ಇತ್ತು, ಅತ್ತೆ ಜೊತೆಗಿದ್ರು. “ಮನೇಲಿ ಯಾರಿಗಾದ್ರೂ ಹುಟ್ಟಿನಿಂದ ಹೃದಯದ ತೊಂದ್ರೆ ಇತ್ತಾ?” ಅಂತ ಡಾಕ್ಟ್ರು ಕೇಳಿದ್ರು. ಅತ್ತೆ ಮುಖ ನೋಡಿ “ಇಲ್ಲ” ಅಂದ್ಬಿಟ್ಟೆ. ನನ್ನ ಮದುವೆ ಸಂಬಂಧ ತಪ್ಪಿಹೋಗುತ್ತೆ ಅಂತ, ನೀನು ಜ್ವರ ಬಂದು ಹೋದೆ ಅಂತಲೇ ಅವರಿಗೆ ಹೇಳಿದ್ವಲ್ಲ.

ಆಮೇಲೆ ಪರದೆ ಮೇಲೆ ಮಗುವಿನ ಎದೆ ಪಟಪಟ ಅಂತಿತ್ತು. ತಡೆಯೋಕಾಗ್ಲಿಲ್ಲ. “ಡಾಕ್ಟ್ರೇ, ನಮ್ಮಣ್ಣನ ಹೃದಯದಲ್ಲಿ ಹುಟ್ಟಿನಿಂದ ತೂತಿತ್ತು, ಅದರಿಂದಲೇ ಹೋದ” ಅಂದೆ.

“ಹಂಗಂತ ಮಗುಗೂ ಇರುತ್ತೆ ಅಂತಲ್ಲಮ್ಮ. ಬೇರೆಯವರಿಗಿಂತ ಸಾಧ್ಯತೆ ಒಂಚೂರು ಜಾಸ್ತಿ, ಅಷ್ಟೆ. ಸೋಮವಾರ ಶಿವಮೊಗ್ಗದಲ್ಲಿ ಮಗುವಿನ ಹೃದಯದ್ದೇ ಒಂದು ಸ್ಕ್ಯಾನ್ ಮಾಡಿಸಿ” ಅಂದ್ರು.

ಅತ್ತೆ ಬಸ್ ಸ್ಟ್ಯಾಂಡಿನವರೆಗೂ ನನಗಿಂತ ಮುಂದೆ ಮುಂದೆ ನಡೆದ್ರು. ಬೈತಾರೆ ಅಂತ ಕಾಯ್ತಾ ಇದ್ದೆ. ಬಸ್ಸಲ್ಲಿ ಕೂತ್ಮೇಲೆ, “ಅವನ ಫೋಟೋ ಇದ್ಯೇನೇ?” ಅಂದ್ರು.

ಹೊಸನಗರದ ವಾಲಿಬಾಲ್ ಟೂರ್ನಮೆಂಟಲ್ಲಿ ನೀನು ಸ್ಮ್ಯಾಶ್ ಹೊಡೆಯೋ ಫೋಟೋ ಫೋನಲ್ಲಿ ತೋರಿಸಿದೆ. ಆವತ್ತು ಕೂಗಿ ಕೂಗಿ ನನ್ನ ಗಂಟಲೇ ಹೋಗಿತ್ತು, ನೆನಪಿದ್ಯಾ?

“ಅಬ್ಬಾ, ಏನ್ ಹಾರ್ತಾನೇ ಮಾರಾಯ್ತಿ! ಮಗು ಹಿಂಗೆ ಹಾರಿದ್ರೆ ಹಿಡಿಯೋದು ಯಾರು, ನಾನಾ?” ಅಂದ್ರು. ಸೆರಗಲ್ಲಿ ಕಣ್ಣೊರೆಸ್ಕೊಂಡು, “ಸೋಮವಾರ ನಾನೂ ಬರ್ತೀನಿ” ಅಂದ್ರು.

ಆ ಫೋಟೋ ಈಗ ಅತ್ತೆ ಫೋನಲ್ಲೂ ಇದೆ. ನಮ್ಮನೆ ಗೋಡೆ ಮೇಲಿದ್ದದ್ದೂ ಅದೇ ಫೋಟೋ, ಅಣ್ಣ. ಹೆಣ್ಣು ನೋಡೋಕೆ ಬಂದವರು ನಿನ್ನ ಬಗ್ಗೆ ಜಾಸ್ತಿ ಕೇಳಬಾರದು ಅಂತ ಅದನ್ನ ತೆಗೆದು ಟ್ರಂಕಿಗೆ ಹಾಕಿದ್ದು ಅಮ್ಮ ಅಲ್ಲ, ನಾನು.