ಒಂದೇ, ಬೇರೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಐದು ತಿಂಗಳಾಯಿತು. ಅದರಲ್ಲಿದ್ದದ್ದು ಎರಡೇ ಸಾಲು: ನೀನು ಮದುವೆ ಬೇಡವೆಂದ ದಿನ ನಾನೇಕೆ ನಿನ್ನ ಪರ ನಿಲ್ಲಲಿಲ್ಲ ಎಂದು. ಉತ್ತರಕ್ಕೆ ಕುಳಿತಾಗಲೆಲ್ಲ ಇನ್ನೇನನ್ನೋ ಬರೆದು ಹರಿದುಹಾಕಿದೆ. ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ.

ನಾನೀಗ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ತಾಳೆ ನೋಡುವ ಮೇಜಿನಲ್ಲಿದ್ದೇನೆ. ಗಿರಾಕಿ ಕೊಟ್ಟ ಮಾದರಿಯನ್ನೂ ನಮ್ಮ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಇಟ್ಟು ಐದು ಜನ ನೋಡುತ್ತೇವೆ. ‘ಒಂದೇ’ ಅಥವಾ ‘ಬೇರೆ’ ಎನ್ನಬೇಕು, ಅಷ್ಟೆ. ಮೊದಲು ಮೇಸ್ತ್ರಿ, ಆಮೇಲೆ ಸರ್ವೀಸಿನ ಪ್ರಕಾರ ಉಳಿದವರು. ಮೇಸ್ತ್ರಿ ಅಂದದ್ದೇ ಐದು ಬಾಯಿಂದಲೂ ಬರುತ್ತದೆ.

ಚಳಿಗಾಲದಲ್ಲಿ ಬೇರೆ ಊರಿನವಳೊಬ್ಬಳು ಹೊಸದಾಗಿ ಸೇರಿದಳು. ಮೊದಲ ವಾರವೇ, ನಾವು ನಾಲ್ವರು ‘ಒಂದೇ’ ಎಂದ ಮೇಲೆ, ‘ಬೇರೆ’ ಎಂದುಬಿಟ್ಟಳು.

“ಕನ್ನಡಕ ಮನೇಲಿ ಬಿಟ್ಟು ಬಂದ್ಯೇನಮ್ಮಾ?” ಎಂದರು ಮೇಸ್ತ್ರಿ. ಎಲ್ಲರೂ ನಕ್ಕರು. ನಾನೂ.

“ನಮ್ ಕಡೆ ಚೀಟೀಲಿ ಬರೆದು ಮಡಚಿಡ್ತೀವಿ ಸಾರ್. ಯಾರು ಏನಂದ್ರು ಅಂತ ಆಮೇಲೇ ಗೊತ್ತಾಗೋದು.”

“ಬಣ್ಣ ನೋಡೋಕೂ ಚುನಾವಣೆನಾ ತಾಯಿ?”

ಅಂದಿನಿಂದ ಊಟದ ಹೊತ್ತಿಗೆ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ. ಅವಳು ಹೇಳಿದ್ದು ಸರಿಯಿತ್ತು ಪುಟ್ಟಿ, ಬಣ್ಣ ಬೇರೆಯೆಂದು ನನಗೂ ಕಂಡಿತ್ತು.

ಮೊನ್ನೆ ಬೂದು ಬಟ್ಟೆಯೊಂದು ಬಂತು. ತುಸು ಹಸಿರು ಹೊಡೆಯುತ್ತಿತ್ತು. ಮೇಸ್ತ್ರಿಯೂ ಮುಂದಿನ ಇಬ್ಬರೂ ‘ಒಂದೇ’ ಎಂದರು. ನನ್ನದು ನಾಲ್ಕನೆಯ ಸರದಿ. ಎದೆ ಗಟ್ಟಿ ಮಾಡಿಕೊಂಡು ‘ಬೇರೆ’ ಎಂದೆ. ನನ್ನ ನಂತರ ಅವಳು. ಇನ್ನು ನಾವಿಬ್ಬರಾಗುತ್ತೇವೆಂದು ಅವಳ ಕಡೆ ತಿರುಗಿದೆ. ಅವಳು ಬಟ್ಟೆಯನ್ನು ನೋಡಲೂ ಇಲ್ಲ.

“ಒಂದೇ ಸಾರ್,” ಎಂದಳು. ಆಮೇಲೆ ನನಗೆ, “ಕನ್ನಡಕ ತರ್ಲಿಲ್ವಾ ಅಕ್ಕಾ?”

ಮೇಸ್ತ್ರಿ ಮೇಜು ಬಡಿದು ನಕ್ಕರು. ಮೂರು ತಿಂಗಳಿಗೆ ಅವಳು ನಮ್ಮವಳಾಗಿದ್ದಳು. ಈಗ ಒಬ್ಬಳೇ ಉಣ್ಣುವವಳು ನಾನು. ಊಟ ಬೇಗ ಮುಗಿಯುತ್ತದೆ.

ನೀನು ನಿನ್ನಿಷ್ಟದಂತೆ ಬದುಕುತ್ತಿದ್ದೀಯ. ಹಾಗೇ ಇರು, ನಿನಗೆ ಎಲ್ಲವೂ ಒಳ್ಳೆಯದಾಗಲಿ.

ನಿನ್ನ,
ಅಕ್ಕ

ತಾ.ಕ.: ಅಪ್ಪ ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರನ್ನೇ ಕೇಳಿದರಲ್ಲ, ಎಲ್ಲರೂ ನಿನ್ನದೇ ತಪ್ಪು ಎಂದ ಮೇಲೆ ನಾನೊಬ್ಬಳು ಏನು ಹೇಳಲಿ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ವಾರ ಆ ದಿನವನ್ನು ಸರಿಯಾಗಿ ನೆನಪು ಮಾಡಿಕೊಂಡೆ. ಮಕ್ಕಳಲ್ಲಿ ನಾನೇ ದೊಡ್ಡವಳು. ಅಪ್ಪ ಮೊದಲು ಕೇಳಿದ್ದು ನನ್ನನ್ನು.