ದಕ್ಷಿಣ ಬದಿಯ ಎಂಟು ಗುಂಡಿಗಳು

ಏಪ್ರಿಲ್ 28, ಸಂಜೆ 5

ಮಹಾಜನಗಳೇ! ಮುಂದಿನ ಸಾಲಿನಲ್ಲಿ ಕೂತ ಚಹದ ಕೆಟಲೇ, ಬಾಲ್ಕನಿಯಲ್ಲಿ ನೇತಾಡುವ ಒದ್ದೆ ಕಾಲುಚೀಲಗಳೇ, ಗದ್ದಲ ಬೇಡ! ಕುಬಾನ್ ಎಂಬ ಹಳೇ ನಾಟಕದವ, ಈಗಿನ ಮಣ್ಣು ಪರೀಕ್ಷಕ, ಆರನೇ ಗುಂಡಿ ಮುಗಿಸಿ ರಂಗಕ್ಕೆ ಬಂದಿದ್ದಾನೆ. ಅಂಗೈಯಲ್ಲಿ ಬೊಬ್ಬೆ. ಚಪ್ಪಾಳೆ ಇಲ್ಲ.

ಕಲ್ಲಿದ್ದಲು ಗಣಿ ಮುಚ್ಚುತ್ತಿದೆ. ಹದಿನಾಲ್ಕು ವರ್ಷದ ಹಿಂದೆ, ಅಗೆಯುವ ಮೊದಲು, ಹುಲ್ಲುಗಾವಲಿನ ಮೇಲ್ಮಣ್ಣನ್ನೆಲ್ಲ ಕೆರೆದು ಗುಡ್ಡೆ ಹಾಕಿದ್ದರು. ಗಣಿ ಮುಗಿದ ಮೇಲೆ ಅದನ್ನೇ ಕಲ್ಲುರಾಶಿಯ ಮೇಲೆ ಹಾಸಿ ಹುಲ್ಲು ಎಬ್ಬಿಸುತ್ತೇವೆಂದು ಮಾತು ಕೊಟ್ಟಿದ್ದರು. ಆ ಮಣ್ಣು ಇನ್ನೂ ಯೋಗ್ಯವೋ ಅಲ್ಲವೋ, ಹೇಳಬೇಕಾದವನು ನಾನು.

ನಿಯಮದ ಪ್ರಕಾರ ಗುಡ್ಡೆಯ ಎಲ್ಲ ಬದಿಯಲ್ಲೂ ಗುಂಡಿ ತೆಗೆಯಬೇಕು. ಉತ್ತರದಲ್ಲಿ ಮೊಣಕಾಲುದ್ದ ಹಿಮ, ಅಡಿಯಲ್ಲಿ ಕಲ್ಲಾಗಿ ಹೆಪ್ಪುಗಟ್ಟಿದ ನೆಲ. ದಕ್ಷಿಣದಲ್ಲಿ ಹಿಮ ಕರಗಿದೆ, ಕುರಿ ತುಳಿದ ದಾರಿಯೂ ಇದೆ. ಎಂಟನ್ನೂ ಅಲ್ಲೇ ತೆಗೆದರಾಯಿತು. ಒಂದೇ ಗುಡ್ಡೆ, ಒಂದೇ ಮಣ್ಣು…

ಏಪ್ರಿಲ್ 29

ಎಂಟೂ ಮುಗಿದವು. ಕಾಲಿಚಾ ಅಪಾ ಕುದುರೆ ಮೇಲೆ ಕೂತು ಕೆಳಗಿನಿಂದ ನೋಡುತ್ತಿದ್ದಳು. ಅವಳ ಹುಲ್ಲುಗಾವಲಿನ ಮಣ್ಣೇ ಇದು. ಎಪ್ಪತ್ತು ದಾಟಿದೆ, ಊರಿಗೆಲ್ಲ ‘ಅಪಾ’, ಅಂದರೆ ಅಮ್ಮ. ಗಂಟಲು ನನ್ನದಕ್ಕಿಂತ ಜೋರು.

“ಏ ಮಗಾ, ಹೆಣ ಹೂಳಕ್ಕೆ ತೋಡ್ತಿದೀಯಾ, ಮಣ್ಣು ನೋಡಕ್ಕಾ?”

“ಮಣ್ಣು ನೋಡಕ್ಕೆ, ಅಪಾ.”

“ಅದಕ್ಕೆ ಅಷ್ಟು ಆಳ ಯಾಕೆ? ಕುರೀನ ಕೇಳಿದ್ರೆ ಹೇಳ್ತಿತ್ತು.” ಒಣಮೊಸರಿನ ಉಂಡೆಯೊಂದನ್ನು ನನ್ನತ್ತ ಎಸೆದಳು. “ತಿನ್ನು. ನಮ್ಮನೆಯವ್ರು ಸಾಯೋ ದಿನಾನೂ ಕೇಳಿದ್ರು, ಮಣ್ಣು ವಾಪಸ್ ಬಂತಾ ಅಂತ. ಬರ್ತದೆ ಅಂದಿದೀನಿ. ನನ್ನ ಸುಳ್ಳಿ ಮಾಡಬೇಡ.”

ಉಂಡೆ ಹುಳಿ. ಹಲ್ಲು ಜುಮ್ಮೆಂದಿತು.

ಮೇ 11

ನಗರದ ಲ್ಯಾಬಿನಿಂದ ನಜಗುಲ್ ಫೋನ್. ನನ್ನನ್ನು ‘ಬೈಕೆ’, ಅಂದರೆ ಅಣ್ಣ, ಎನ್ನುವವಳು.

“ಕುಬಾನ್ ಬೈಕೆ, ಸ್ಯಾಂಪಲ್ ಚೀಲದಲ್ಲಿ ಬುತ್ತಿ ಕಟ್ಕೊಂಡು ಹೋಗಿದ್ರಾ? ಮೇಲಿನ ಪದರ ಪೂರ್ತಿ ಉಪ್ಪು. ಅದೂ ಅಡುಗೆ ಉಪ್ಪು ಇದ್ದ ಹಾಗಿದೆ!”

ಜೋರಾಗಿ ನಕ್ಕೆ. ಅವಳೂ ನಕ್ಕಳು. ಎಂಟಕ್ಕೆ ಎಂಟೂ ಉಪ್ಪು. ಉಪ್ಪುಮಣ್ಣಿನಲ್ಲಿ ಹುಲ್ಲು ಏಳದು. ‘ಇಡೀ ಗುಡ್ಡೆ ಅಯೋಗ್ಯ’ ಎಂದು ಬರೆದೆ. ಸಹಿ. ಮೊಹರು.

ಗಣಿಯ ಮ್ಯಾನೇಜರ್ ಒಮುರ್ಜಾಕ್ ಕೈ ಕುಲುಕಿದ. ಬಹಳ ಹೊತ್ತು ಕುಲುಕಿದ. “ಒಳ್ಳೇ ಕೆಲ್ಸ ಮಾಡಿದ್ರಿ. ಮಣ್ಣು ಹಾಸೋ ತಲೆನೋವು ತಪ್ತು. ಇಪ್ಪತ್ತೊಂದನೇ ತಾರೀಖು ಗುಡ್ಡೇನ ಗಣಿ ತಳಕ್ಕೆ ನೂಕಿಸಿಬಿಡ್ತೀನಿ.”

ಅಂಗೈ ಇನ್ನೂ ಬೆಚ್ಚಗಿದೆ. ತೊಳೆದ ಮೇಲೂ.

ಮೇ 12

ಕೂತರೆ ಏಳಬೇಕು. ಎದ್ದರೆ ಕೂರಬೇಕು. ಈ ಕಂಟೇನರ್ ಮನೆ ಆ ಗೋಡೆಯಿಂದ ಈ ಗೋಡೆಗೆ ಒಂಬತ್ತು ಹೆಜ್ಜೆ.

ಈ ಕಣಿವೆಯಲ್ಲಿ ಉಪ್ಪು ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ಅದೂ ಬೇರೆ ಜಾತಿಯ ಉಪ್ಪು. ಗುಡ್ಡೆಯಲ್ಲಿ ಮೇಲೆ ಮಾತ್ರ ಇದೆ, ಯಾರೋ ಸುರಿದ ಹಾಗೆ. ಒಂದು ಮೊಳ ಕೆಳಗೆ ಹೋದರೆ ಇಲ್ಲವೇ ಇಲ್ಲ.

ಗೊತ್ತಿದ್ದೂ ಸಹಿ ಹಾಕಿದೆನೇ? ಸಾಕು. ಚಹಾ ಆರಿತು.

ಮೇ 20, ಮಧ್ಯಾಹ್ನ 3

ಎಂಟು ದಿನ ಅಪಾಳ ಕಣ್ಣಿಗೆ ಬೀಳದೆ ತಿರುಗಿದೆ. ಇವತ್ತು ಸಿಕ್ಕಿಬಿದ್ದೆ. ದಕ್ಷಿಣದ ಏರಿನಲ್ಲಿ, ನನ್ನ ಮೂರನೇ ಗುಂಡಿ ಮುಚ್ಚಿದ ಜಾಗದ ಪಕ್ಕದಲ್ಲೇ, ಚೀಲ ಬಿಚ್ಚಿ ಚಪ್ಪಟೆ ಕಲ್ಲುಗಳ ಮೇಲೆ ಬಿಳಿ ಗಡ್ಡೆಗಳನ್ನು ಇಡುತ್ತಿದ್ದಳು.

“ಅಪಾ, ಏನಿದು?”

“ಕಾಣಲ್ವಾ? ಉಪ್ಪು. ಹದಿನಾಲ್ಕು ವರ್ಷದಿಂದ ಇಡ್ತಿದೀನಿ. ಉಪ್ಪು ನೆಕ್ಕಕ್ಕೆ ಕುರಿ ಹತ್ತಿ ಬರ್ತವೆ, ಹಿಕ್ಕೆ ಹಾಕ್ತವೆ, ತುಳೀತವೆ. ಮಣ್ಣು ಒಂಟಿಯಾಗಿ ಬಿದ್ದಿದ್ರೆ ಸತ್ತೋಗಲ್ವಾ?”

“ಉತ್ತರದ ಕಡೆ?”

“ಅಲ್ಲಿ ಇಡಲ್ಲ. ಕಡಿದು, ನೆರಳು. ಕುರಿ ಯಾವತ್ತೂ ಹತ್ತಲ್ಲ. ನಿನ್ ಥರಾನೇ ಅವೂ ಸೋಮಾರಿ.”

ಜಿಲ್ಲಾ ರಂಗಮಂದಿರದ ಕೊನೆಯ ಸಾಲಿಗೂ ಕೇಳುತ್ತಿದ್ದ ಗಂಟಲು ನನ್ನದು. ಇಲ್ಲಿ ಅದನ್ನು ಅಪಾಳ ಕಿವಿಯಷ್ಟಕ್ಕೆ ಇಳಿಸಿದೆ. ಎಲ್ಲ ಹೇಳಿದೆ. ಕರಗಿ ಇಳಿದ ಉಪ್ಪು, ವರದಿ, ನಾಳೆಯ ಬುಲ್ಡೋಜರ್.

ಅಪಾ ಕಲ್ಲಿನ ಮೇಲೆ ಕೂತಳು.

“ನನ್ ಕೈಯಾರೆ ಹಾಳ್ಮಾಡಿದ್ನಾ?”

“ಇಲ್ಲ ಅಪಾ. ನಿಮ್ ಉಪ್ಪು ಈ ಒಂದು ಬದೀಲಿ ಮಾತ್ರ. ಇಡೀ ಗುಡ್ಡೆ ಅಂತ ಬರೆದೋನು ನಾನು.”

ಅವಳು ಎದ್ದಳು. ಗಡ್ಡೆಗಳನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ಹಾಕತೊಡಗಿದಳು. ನಾನೂ ಹೆಕ್ಕಿದೆ.

ಮೇ 20, ಸಂಜೆ 7

ಗುಡ್ಡೆ ನೂಕಬೇಡಿ ಎಂದು ಕೇಳಲು ಹೋದೆ. ಒಮುರ್ಜಾಕ್ ಕುರ್ಚಿಯಿಂದ ಏಳಲೂ ಇಲ್ಲ.

“ಮೊಹರು ನಿಮ್ಮದೇ ತಾನೆ? ನಾಟಕ ಬೇಡ. ಬೆಳಿಗ್ಗೆ ಏಳಕ್ಕೆ ಬುಲ್ಡೋಜರ್ ಹೊರಡ್ತದೆ. ತಪ್ಪು ಅಂತ ನೀವೇ ಬರೆದ್ರೆ ನಾಳೆಯಿಂದ ಯಾರು ಕೆಲ್ಸ ಕೊಡ್ತಾರೆ ನಿಮಗೆ?”

ನಾಟಕ ಬೇಡವಂತೆ! ನನಗೆ!

ಅಪ್ಪ ಒಮ್ಮೆ ರಾಜನ ಪಾತ್ರದಲ್ಲಿ ತಪ್ಪು ಬಾಗಿಲಿನಿಂದ ಬಂದಿದ್ದ. ನಿಂತ. ಎದೆಯ ಮೇಲೆ ಕೈಯಿಟ್ಟು, “ಬಾಗಿಲು ತಪ್ಪಿತು, ಕ್ಷಮಿಸಿ” ಎಂದು ಸಭೆಗೆ ಹೇಳಿ, ಒಳಗೆ ಹೋಗಿ ಸರಿಯಾದ ಬಾಗಿಲಿನಿಂದ ಬಂದ. ಪರದೆಯ ಹಿಂದೆ ನಿಂತಿದ್ದ ನಾನು ನಾಚಿಕೆಯಿಂದ ಅತ್ತಿದ್ದೆ. ಎಂಟು ವರ್ಷದವ.

ಬರೆದೆ: ‘ವರದಿ ತಪ್ಪು. ತಪ್ಪು ನನ್ನದು. ಉತ್ತರ ಬದಿ ನೋಡಿಯೇ ಇಲ್ಲ.’ ಫೋಟೋ ತೆಗೆದು ಜಿಲ್ಲಾ ಇನ್‌ಸ್ಪೆಕ್ಟರಿಗೆ ಕಳಿಸಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ, ಕೈಯಲ್ಲಿ ಆಧಾರ ಇರಲಿ ಎಂದ. ಏಳರಿಂದ ಹತ್ತು… ಮೂರು ಗಂಟೆಯಲ್ಲಿ ಗುಡ್ಡೆಯೇ ಇರುವುದಿಲ್ಲ.

ಕದ ಬಡಿತ. ಅಪಾ. ಹೆಗಲ ಮೇಲೆ ಅದೇ ಚೀಲ.

“ಬುಲ್ಡೋಜರ್ ಬರೋದು ಯಾವ ದಾರೀಲಿ? ಬಂಡೆ ನಡುವಿನ ಆ ಇಕ್ಕಟ್ಟಿನಲ್ಲಿ ತಾನೆ? ಉಪ್ಪು ಅಲ್ಲಿಡ್ತೀನಿ. ಇನ್ನೂರು ಕುರಿ. ನೆಕ್ಕಕ್ಕೆ ಶುರು ಮಾಡಿದ್ರೆ ನಾನು ಬೈದ್ರೂ ಏಳಲ್ಲ. ಎಷ್ಟೊತ್ತು ಬೇಕು ನಿಂಗೆ?”

“ಮೂರು ಗಂಟೆ.”

“ನಾಲ್ಕು ತಗೋ. ಈ ಸಲನಾದ್ರೂ ಸರಿಯಾಗಿ ತೋಡು.”

ಮಹಾಜನಗಳೇ, ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಗುದ್ದಲಿ, ಹೊಸ ಬ್ಯಾಟರಿ ಹಾಕಿದ, ಉಪ್ಪು ಅಳೆಯುವ ಮೀಟರ್, ಒಂದು ಬಾಟಲಿ ಶುದ್ಧ ನೀರು. ಹಿಮ ಕರಗಿದೆ. ಉತ್ತರದ ಬದಿ ಹತ್ತುತ್ತೇನೆ. ಒಂಬತ್ತನೇ ಗುಂಡಿ. ಮೊದಲ ಹಿಡಿ ಮಣ್ಣು ತೆಗೆದು ನೀರಿಗೆ ಹಾಕಿ ಮೀಟರ್ ಅದ್ದುತ್ತೇನೆ. ಮುಳ್ಳು ಸೊನ್ನೆಯ ಬಳಿ ನಿಂತರೆ ಅಪಾಳ ಮಣ್ಣು ವಾಪಸ್. ಎಲ್ಲಿ ನಿಲ್ಲುತ್ತದೋ—