ಬಾಟಲಿ ತೊಳೆಯುವವನ ಸೇಡು

ಮಾರ್ಚ್ 9, ಭಾನುವಾರ, ಬೆಳಿಗ್ಗೆ

ಬಾಟಲಿ ತೊಳೆಯುತ್ತಿದ್ದೆ. ಭಾನುವಾರದ ಅಭ್ಯಾಸ. ಬಿಸಿನೀರು, ಸೋಡಾ, ಉದ್ದ ಬ್ರಷ್. ಬೆಳಕಿಗೆ ಹಿಡಿದು ನೋಡುವುದು, ಮತ್ತೊಮ್ಮೆ ತೊಳೆಯುವುದು. ಅರ್ಧಕ್ಕೆ ಕೈ ನಿಂತಿತು. ಇವು ಯಾರ ಬಾಟಲಿಗಳು? ವಿಶ್ವಜಿತನವು. ನಾನೇಕೆ ತೊಳೆಯುತ್ತಿದ್ದೇನೆ?

ನಿನ್ನೆಯದನ್ನು ಬರೆದಿಡಬೇಕು. ಬರೆಯದಿದ್ದರೆ ಸಿಟ್ಟು ಆರಿಹೋಗುತ್ತದೆ. ಆರಬಾರದು.

ಸಿಂಗಾಪುರದ ಹೋಮ್‌ಬ್ರೂ ಕ್ಲಬ್ಬಿನ, ಅಂದರೆ ಮನೆಯಲ್ಲೇ ಬಿಯರ್ ಮಾಡುವವರ, ಸ್ಪರ್ಧೆ. ನಮ್ಮ ರಾಗಿ ಬಿಯರಿಗೆ ಮೊದಲ ಬಹುಮಾನ. 'ನಮ್ಮ' ಅನ್ನುವುದು ನನ್ನ ವ್ಯಾಕರಣ. ಫಲಕದ ಮೇಲಿದ್ದದ್ದು ವಿಶ್ವಜಿತ್ ಒಬ್ಬನ ಹೆಸರು. ಪಾತ್ರೆ-ಪಡಗವೆಲ್ಲ ಸೆರಂಗೂನಿನ ಅವನ ಕಾಂಡೊ ಫ್ಲ್ಯಾಟಿನಲ್ಲಿದೆ, ಒಪ್ಪಿದೆ. ಆದರೆ ರಾಗಿ ತಂದವರು ಯಾರು? ಮಗಳು ಶ್ರೀಯಾ ಹಸುಗೂಸಾಗಿದ್ದಾಗ ಹೆಂಡತಿ ತೃಪ್ತಿ ರಾಗಿ ಸರಿಗೆಂದು ನೆನೆಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿಯುತ್ತಿದ್ದಳಲ್ಲ, ಅದೇ ಕ್ರಮ. ಅದನ್ನು ಬಿಯರಿಗೆ ಹಚ್ಚಿದವನು ನಾನು. ರಾಗಿ ಸರಿ, ನಾನು ಸರಿ. ಅವನೊಬ್ಬ ಸರಿಯಿಲ್ಲ.

ಜಡ್ಜ್ ಒಬ್ಬ ಆಸ್ಟ್ರೇಲಿಯದವನು. ನನ್ನ ಕಡೆ ತೋರಿಸಿ ಇವರು ಯಾರು ಎಂದು ಕೇಳಿದ. ವಿಶ್ವ ನನ್ನ ಹೆಗಲ ಮೇಲೆ ಕೈ ಹಾಕಿ, "ದಿಸ್ ಈಸ್ ದ್ವಾರಕ. ಹಿ ವಾಷಸ್ ಮೈ ಬಾಟಲ್ಸ್, ಲಾ!" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಮಾತನ್ನು ಕ್ಷಮಿಸಿದರೂ ಕ್ಷಮಿಸಿಯೇನು. ನನ್ನ ಆ ನಗುವನ್ನು ಕ್ಷಮಿಸಲಾರೆ.

ಹೆಸರು ನೋಡಿ. ಅವನು ವಿಶ್ವವನ್ನೇ ಗೆದ್ದವನು. ನಾನು ದ್ವಾರದ ಬಳಿ ನಿಂತ ನಾಥ.

ಮಾರ್ಚ್ 15, ಶನಿವಾರ

ತೃಪ್ತಿಗೆ ಹೇಳಿದೆ. "ಇನ್ನು ಸೆರಂಗೂನಿಗೆ ಹೋಗಲ್ಲ. ನಮ್ಮನೇಲೇ ಮಾಡ್ತೀನಿ."

"ಪುಂಗೋಲಿನ ಈ ಅಡುಗೆಮನೇಲಾ? ಇಬ್ಬರು ನಿಂತ್ರೆ ಒಬ್ಬರು ಹೊರಗೆ ಹೋಗ್ಬೇಕು."

"ಬಟ್ಟೆ ಒಣಗ್ಸೋ ಜಾಗ ಇದೆಯಲ್ಲ."

"ಬಟ್ಟೆ?"

"ಆ ಕಡೆ ಈ ಕಡೆ ಒಣಗ್ಲಿ."

ನೋಡಿದಳು. ತೃಪ್ತಿ ಮನೆಯಲ್ಲೇ ಇದ್ದರೂ ತೃಪ್ತಿಯಿಲ್ಲ ಅನ್ನುವುದು ಮದುವೆಯಾದಾಗಿನ ಜೋಕು. ಇವತ್ತು ಹೇಳುವ ಧೈರ್ಯವಾಗಲಿಲ್ಲ. "ಜುಲೈನಲ್ಲಿ ಮತ್ತೆ ಸ್ಪರ್ಧೆ ಇದೆ. ಅವನನ್ನ ಸೋಲಿಸ್ಬೇಕು, ಅಷ್ಟೇ" ಅಂದೆ. "ಅವರು ತಮಾಷೆಗೆ ಅಂದಿದ್ದು ರೀ" ಅಂದಳು. ಎಲ್ಲ ತಮಾಷೆಯನ್ನೂ ನಾನೇ ಮಾಡುವ ಮನೆಯಲ್ಲಿ ಹೊರಗಿನವರ ತಮಾಷೆಗೆ ಇಷ್ಟು ಮರ್ಯಾದೆ!

ಸರ್ಕಾರದ ನಿಯಮ ಓದಿದೆ. ಮನೆ ಬಳಕೆಗೆ ತಿಂಗಳಿಗೆ ಮೂವತ್ತು ಲೀಟರ್. ಮಾರುವಂತಿಲ್ಲ. ಸೇಡಿಗೆ ಮಿತಿ ಹಾಕಿಲ್ಲ.

ಮಾರ್ಚ್ 29, ಶನಿವಾರ

ದೊಡ್ಡ ಪಾತ್ರೆ ಬೇಕಿತ್ತು. ಅಟ್ಟದ ಕಪಾಟಿನಲ್ಲಿ ತೃಪ್ತಿಯ ಅಮ್ಮ ಕೊಟ್ಟ ಸ್ಟೀಲಿನ ಕೊಳದಪ್ಪಲೆ ಸುಮ್ಮನೆ ಕೂತಿತ್ತು. ಮೈಸೂರಿನಿಂದ ಬಂದದ್ದು. ಅದನ್ನು ಬ್ಯಾಗಿಗೆ ತುರುಕಿ ಜುರಾಂಗ್ ವೆಸ್ಟ್ ಕಡೆಯ ಒಂದು ವರ್ಕ್‌ಶಾಪಿಗೆ ಹೋದೆ. ತಳದ ಹತ್ತಿರ ತೂತು ಕೊರೆದು ನಲ್ಲಿ ಕೂರಿಸಬೇಕು. ಅಲ್ಲಿನ ಅಂಕಲ್ ಕಂಠದ ಮೇಲೆ ಕೆತ್ತಿದ ಅಕ್ಷರ ಸವರಿ, "ಗಾಟ್ ನೇಮ್, ಆಹ್. ಯುವರ್ ವೈಫ್ ನೋ ಆರ್ ನಾಟ್?" ಅಂದ.

"ನೋ, ನೋ" ಅಂದೆ. ಗೊತ್ತು ಅಂತಲೋ ಗೊತ್ತಿಲ್ಲ ಅಂತಲೋ ಅವನೇ ಅರ್ಥ ಮಾಡಿಕೊಳ್ಳಲಿ.

ಸಂಜೆ ಗೊತ್ತಾಯಿತು. "ನಮ್ಮಮ್ಮನ ಹೆಸರಿರೋ ಪಾತ್ರೆಗೆ ತೂತಾ?"

"ಹೆಸರಿಗೇನೂ ಆಗಿಲ್ಲ ಕಣೆ. ತೂತು ಕೆಳಗಡೆ."

ಊಟಕ್ಕೆ ಮೊಸರನ್ನ. ಉಪ್ಪಿನಕಾಯಿಯೂ ಇಲ್ಲ.

ಏಪ್ರಿಲ್ 13, ಭಾನುವಾರ

ಮೊದಲ ಬ್ರೂ. ದುರಂತ.

ರಾಗಿಗೆ ಬಾರ್ಲಿಯ ಹಾಗೆ ಹೊಟ್ಟಿಲ್ಲ. ಬಿಸಿನೀರಲ್ಲಿ ನೆಂದು ಅಂಬಲಿಯಾಗಿ ನಲ್ಲಿಯ ಬಾಯಿಗೆ ಮೆತ್ತಿಕೊಂಡಿತು. ಒಂದು ಹನಿ ಇಳಿಯಲಿಲ್ಲ. ಊದಿದೆ, ಕಡ್ಡಿ ಹಾಕಿದೆ. ಪಕ್ಕದ ಮನೆಯ ಆಂಟಿ ಕಾರಿಡಾರಿನಿಂದ, "ಕುಕಿಂಗ್ ಪಾರಿಜ್, ಆಹ್? ಸೋ ಮಚ್!" ಅಂದರು. ವಿಶ್ವನ ಮನೆಯಲ್ಲಿ ಇದಕ್ಕೆಂದೇ ಜರ್ಮನಿಯ ಜಾಲರಿಯಿದೆ. ಅವನು ನೋಡಿದ್ದರೆ ನಗುತ್ತಿದ್ದ. ಆ ಯೋಚನೆ ಬಂದದ್ದೇ ತಲೆ ಓಡಿತು. ತೂತಿನ ಇಡ್ಲಿ ತಟ್ಟೆಗಳು! ತಳದಲ್ಲಿ ಬೋರಲು ಹಾಕಿ, ಮೇಲೆ ನನ್ನ ಹಳೆಯ ಪಂಚೆ ಹಾಸಿ, ಅದರ ಮೇಲೆ ಬಾರ್ಲಿ ಬೆರೆಸಿದ ರಾಗಿ. ಬೆಲ್ಲದ ಪಾಕದ ಬಣ್ಣದಲ್ಲಿ ಸಣ್ಣಗೆ ಇಳಿಯತೊಡಗಿತು. ಕುಣಿಯುವುದೊಂದು ಬಾಕಿ.

ಸಂಜೆ ತೃಪ್ತಿ ಇಡ್ಲಿ ತಟ್ಟೆ ಹುಡುಕುತ್ತಿದ್ದಳು. ನಾನೂ ಜೊತೆಯಲ್ಲಿ ಹುಡುಕಿದೆ.

ಏಪ್ರಿಲ್ 26, ಶನಿವಾರ

ಹಳೆ ಫ್ರಿಜ್ ಬಂತು. ಕೆಳಗಿನ ಬ್ಲಾಕಿನವರು ಮನೆ ಖಾಲಿ ಮಾಡುತ್ತಿದ್ದರು. ವಾಯ್ಡ್ ಡೆಕ್‌ನಲ್ಲಿ, ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಟ್ರಾಲಿ ತಳ್ಳಿಕೊಂಡು ಬರುವಾಗ ಶ್ರೀಯಾ ಹತ್ತು ಹೆಜ್ಜೆ ಹಿಂದೆ, ನನ್ನ ಮಗಳಲ್ಲ ಎಂಬಂತೆ. "ಅಪ್ಪ, ಸೋ ಎಂಬರಾಸಿಂಗ್ ಲಾ." ಈ ಊರಿನ ಸೆಖೆಗೆ ಬಿಯರ್ ಹೊರಗಿಟ್ಟರೆ ಕೆಟ್ಟ ವಾಸನೆ. ಈಗ ಫ್ರಿಜ್ಜಿಗೆ ಟೆಂಪರೇಚರ್ ಕಂಟ್ರೋಲರ್ ಸಿಕ್ಕಿಸಿದ್ದೇನೆ. ಒಳಗೆ ಹತ್ತೊಂಬತ್ತು ಡಿಗ್ರಿ. ಮನೆಯಲ್ಲಿ ತಣ್ಣಗಿರುವುದು ಅದೊಂದೇ.

ಮೇ 17, ಶನಿವಾರ

ಗೆದ್ದೆ. ಮೂರನೆಯ ಬ್ರೂ. ಹುರಿದ ರಾಗಿಯ ಘಮ, ಕೊನೆಯಲ್ಲಿ ತೆಳುವಾದ ಕಹಿ. ಪಂಪ್ ಕೂಡ ಬಂದಿದೆ. ಕುದಿಸಿದ್ದನ್ನು ಹೊತ್ತು ಸುರಿಯುವುದು, ಪೈಪನ್ನು ಬಾಯಲ್ಲಿ ಎಳೆಯುವುದು ಮುಗಿಯಿತು. ಸ್ವಿಚ್ ಒತ್ತಿದರೆ ಪಾತ್ರೆಯಿಂದ ಪಾತ್ರೆಗೆ ತಾನೇ ಹೋಗುತ್ತದೆ. ವಿಶ್ವನಲ್ಲಿ ಪಂಪಿಲ್ಲ. ಹೀಗೆ ಬರೆದುಕೊಳ್ಳುವುದರಲ್ಲಿ ಒಂದು ಸುಖವಿದೆ: ವಿಶ್ವನಲ್ಲಿ ಪಂಪಿಲ್ಲ.

ತೃಪ್ತಿ ಅರ್ಧ ಗ್ಲಾಸ್ ಕುಡಿದಳು. "ಅವರದಕ್ಕಿಂತ ಚೆನ್ನಾಗಿದೆ ರೀ. ಸಾಕಲ್ವಾ ಈಗ?"

ಸಾಕೆ? ಅವನಿಗೆ ಗೊತ್ತಾಗದ ಗೆಲುವು ಗೆಲುವೇ ಅಲ್ಲ.

ಮೇ 24, ಶನಿವಾರ

ವಿಶ್ವನ ಫೋನ್! ಮಾರ್ಚ್ ಆದಮೇಲೆ ಮೊದಲ ಸಲ.

"ಗುರು, ಎಲ್ಲಿ ಕಾಣೆಯಾದೆ? ನಾವು ಬೆಂಗಳೂರಿಗೆ ಹೋಗಿ ಬರೋಷ್ಟರಲ್ಲಿ ಫ್ರಿಜ್ ಆಫ್ ಆಗಿ ನನ್ನ ಈಸ್ಟ್ ಎಲ್ಲ ಸತ್ತೋಗಿದೆ ಕಣೋ. ನೀನೂ ಏನೋ ಮಾಡ್ತಿದೀಯಂತೆ, ನಮ್ಮ ನಿರುಗೆ ತೃಪ್ತಿ ಹೇಳಿದ್ರಂತೆ. ಸ್ವಲ್ಪ ಈಸ್ಟ್ ಕೊಡೋ. ಜುಲೈಗೆ ಏನಾದ್ರೂ ಇಡಬೇಕಲ್ಲ."

ಮಾರ್ಚಿನ ಮಾತು ಅವನಿಗೆ ನೆನಪೇ ಇಲ್ಲ! ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

"ಅದಕ್ಕೇನು, ಕೊಡ್ತೀನಿ" ಅಂದೆ. ಧ್ವನಿಯಲ್ಲಿ ಜೇನು.

ಮೊಸರಿಗೆ ಹೆಪ್ಪಿದ್ದಂತೆ ಬಿಯರಿಗೆ ಈಸ್ಟ್. ಒಂದು ಬ್ರೂ ಮುಗಿದ ಮೇಲೆ ತಳದ ಗಸಿ ತೆಗೆದಿಟ್ಟು ಮುಂದಿನದಕ್ಕೆ ಹಾಕುವುದು. ನನ್ನದು ಮಾವಿನ ಉಪ್ಪಿನಕಾಯಿಯ ಕೆಂಪು ಮುಚ್ಚಳದ ಜಾರುಗಳಲ್ಲಿರುತ್ತದೆ. ಅವನಿಗೆಂದು ಒಂದಕ್ಕೆ ಅರ್ಧ ತುಂಬಿಸಿದೆ. ಆಮೇಲೆ ಅಡುಗೆಮನೆಗೆ ಹೋದೆ. ತೃಪ್ತಿ ನಾಳೆಗೆಂದು ರುಬ್ಬಿಟ್ಟ ಇಡ್ಲಿ ಹಿಟ್ಟು ಬೇಸಿನ್ ತುಂಬ ಉಬ್ಬಿ, ಹುಳಿ ವಾಸನೆ ಬಿಡುತ್ತಿತ್ತು. ಒಂದು ಚಮಚ ತೆಗೆದು ಜಾರಿಗೆ ಹಾಕಿ ಕದಡಿದೆ. ಬಣ್ಣ ಬದಲಾಗಲಿಲ್ಲ. ಇನ್ನೊಂದು ಚಮಚ.

ಬ್ಯಾಂಕಿನಲ್ಲಿ ನನ್ನ ಕೆಲಸ ರಿಸ್ಕ್ ಅಂದಾಜು ಮಾಡುವುದು. ಈ ಬಾಬ್ತಿನಲ್ಲಿ ರಿಸ್ಕ್ ಶೂನ್ಯ. ಹುಳಿ ಹಿಂಡುವುದು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಅವರ ಬಳಿ ರೆಸಿಪಿಯಿತ್ತು.

ಮೇ 25, ಭಾನುವಾರ

ಸೆರಂಗೂನ್ ಎಂಆರ್‌ಟಿ ಮೆಟ್ರೊ ನಿಲ್ದಾಣದ ಗೇಟಿನಾಚೆ ವಿಶ್ವ, ಈಚೆ ನಾನು. ಮೇಲಿಂದ ಜಾರ್ ದಾಟಿಸಿದೆ. "ನೀನು ದೇವರು ಕಣೋ" ಅಂದ. ಹೌದು. ಯಾವ ದೇವರು ಅಂತ ಜುಲೈನಲ್ಲಿ ಗೊತ್ತಾಗುತ್ತೆ.

ಬೆಳಿಗ್ಗೆಯ ಇಡ್ಲಿ ಹೂವಿನ ಹಾಗಿತ್ತು. ಎರಡು ಹೆಚ್ಚಿಗೆ ತಿಂದೆ.

ಜೂನ್ 15, ಭಾನುವಾರ

ಸ್ಪರ್ಧೆಯ ಬ್ರೂ ಇವತ್ತು. ಕೊಳದಪ್ಪಲೆ, ಇಡ್ಲಿ ತಟ್ಟೆ, ಪಂಚೆ, ಪಂಪ್, ಫ್ರಿಜ್, ಎಲ್ಲ ಒಂದೇ ತಾಳದಲ್ಲಿ. ಎಲ್ಲಿಯೂ ಕಟ್ಟಿಕೊಳ್ಳಲಿಲ್ಲ. ಫ್ರಿಜ್ಜಿನೊಳಗೆ ಮುಂದುಗಡೆಯೇ ಇದ್ದ ಈಸ್ಟ್ ಜಾರ್ ತೆಗೆದು ಪೂರ್ತಿ ಸುರಿದೆ. ಗಸಿ ದಪ್ಪಗೆ, ಗಟ್ಟಿಯಾಗಿ, ನಾನು ಇಟ್ಟದ್ದಕ್ಕಿಂತ ಹೆಚ್ಚೇ ಇದ್ದಂತೆ ಕಂಡಿತು. ನನ್ನ ಈಸ್ಟಿಗೂ ಆವೇಶ ಬಂದಿದೆ.

ನಿನ್ನೆ ನಾನು ಶ್ರೀಯಾಳನ್ನು ಈಜಿಗೆ ಕರೆದೊಯ್ದಿದ್ದಾಗ ವಿಶ್ವನ ಹೆಂಡತಿ ನಿರುಪಮಾ ಬಂದಿದ್ದರಂತೆ. ಜಾರ್ ಹಿಂದಿರುಗಿಸಿದರಂತೆ. ಹೆಚ್ಚು ಕೇಳಲಿಲ್ಲ. ಮುಖದ ಮೇಲೆ ನಗು ಬಂದುಬಿಡುವ ಭಯ.

ಜೂನ್ 28, ಶನಿವಾರ

ಕೆಟ್ಟಿದೆ.

ಬೆಳಿಗ್ಗೆ ಪಂಪ್ ಹಾಕಿ ಪೂರ್ತಿ ಕೆಗ್ಗಿಗೆ, ಅಂದರೆ ಸ್ಟೀಲ್ ಪೀಪಾಯಿಗೆ, ತುಂಬಿಸಿದೆ. ಆಮೇಲೆ ರುಚಿ ನೋಡಿದೆ. ಹುಳಿ! ಮೊದಲು ಪಂಪಿನ ಮೇಲೆ ಅನುಮಾನ. ಇನ್ನೊಂದು ಗುಟುಕು ಕುಡಿದೆ. ಈ ಹುಳಿಯ ಪರಿಚಯವಿದೆ ನನಗೆ. ವಾರಕ್ಕೊಮ್ಮೆ ಚಟ್ನಿ ಜೊತೆ ತಿನ್ನುತ್ತೇನೆ.

"ತೃಪ್ತೀ! ಅವತ್ತು ನಿರುಪಮಾ ಕೊಟ್ಟ ಜಾರ್ ಎಲ್ಲಿಟ್ಟೆ?"

"ನಿಮ್ಮ ಫ್ರಿಜ್‌ನಲ್ಲೇ. ಮುಂದುಗಡೆ."

"ಖಾಲಿ ಜಾರ್ ಫ್ರಿಜ್‌ನಲ್ಲಿ ಯಾಕಿಟ್ಟೆ?"

"ಖಾಲಿ ಎಲ್ಲಿ? ಖಾಲಿ ಪಾತ್ರೆ ವಾಪಸ್ ಕೊಡ್ತಾರಾ ಯಾರಾದ್ರೂ? ಸಕ್ಕರೆ ಹಾಕೋಣ ಅಂತಿದ್ಲಂತೆ ನಿರು. ವಿಶ್ವ ಅವರೇ, 'ಬೇಡ, ಅವನು ಅರ್ಧ ಕೊಟ್ಟಿದ್ದು, ನಾವು ತುಂಬ ಕೊಡೋಣ' ಅಂತ ಅವರ ಬಿಯರಿನ ತಳದ್ದು ತುಂಬಿಸಿ ಕಳಿಸಿದಾರೆ. ಒಳ್ಳೆ ಮನುಷ್ಯ ರೀ. ಯಾಕೆ, ಏನಾಯ್ತು?"

"ಏನಿಲ್ಲ."

ಏನಿಲ್ಲವೇ! ಕೊಟ್ಟದ್ದು ಎರಡು ಚಮಚ. ತುಂಬಿದ ಜಾರಾಗಿ ವಾಪಸ್ ಬಂದಿದೆ. ಯಾವ ಬ್ಯಾಂಕೂ ಇಷ್ಟು ಬಡ್ಡಿ ಕೊಡುವುದಿಲ್ಲ. ಪಂಪ್, ಪೈಪು, ಕೆಗ್ಗು, ಎಲ್ಲಕ್ಕೂ ಹುಳಿ ಹೊಕ್ಕಿದೆ. ಜುಲೈಗೆ ಮತ್ತೊಂದು ಮಾಡಲು ಸಮಯವಿಲ್ಲ. ಯಾರನ್ನು ಬೈಯಲಿ? ಬೈದರೆ ಕಾರಣ ಹೇಳಬೇಕು.

ಒಂದೇ ಸಮಾಧಾನ. ಅವನದೂ ಹುಳಿಯಾಗಿರುತ್ತದೆ.

ಜುಲೈ 12, ಶನಿವಾರ

ಅವನದು ಹುಳಿಯಾಗಿತ್ತು. ಹುಳಿ ಬಿಯರಿಗೇ ಒಂದು ವಿಭಾಗವಿದೆಯಂತೆ. ಅದರಲ್ಲಿ ಮೊದಲ ಬಹುಮಾನ.

"ಮೊದಲು ಚೆಲ್ಲಿಬಿಡೋಣ ಅಂತಿದ್ದೆ ಗುರು" ಅಂದ, ನನ್ನ ಭುಜ ಅಲುಗಾಡಿಸುತ್ತ. "ನಿರು ಕುಡಿದು ನೋಡಿ, ಮಸಾಲೆ ಮಜ್ಜಿಗೆ ಥರ ಇದೆ ಕಣ್ರೀ, ಇರ್ಲಿ ಬಿಡಿ ಅಂದ್ಲು."

ಆಮೇಲೆ ಮೈಕಿನಲ್ಲಿ, ಕ್ಲಬ್ಬಿನ ಎಲ್ಲರೆದುರು: ಈ ಬಹುಮಾನ ನನ್ನದಲ್ಲ, ಈಸ್ಟು ದ್ವಾರಕನದು, ರಾಗಿಯೂ ಅವನ ಮನೆಯ ವಿದ್ಯೆಯೇ. "ಕಮ್ ಅಪ್, ಲಾ!" ಚಪ್ಪಾಳೆ. ಮಾರ್ಚಿನಿಂದ ನಾನು ಕಾಯುತ್ತಿದ್ದ ಮಾತು ಅಕ್ಷರಕ್ಕಕ್ಷರ ಅವನ ಬಾಯಲ್ಲೇ ಬಂತು. ಬಂದದ್ದು ಎರಡು ಚಮಚ ದ್ರೋಹಕ್ಕೆ. ಅದೇ ಆಸ್ಟ್ರೇಲಿಯದವನು ಈಸ್ಟಿನ ತಳಿ ಯಾವುದು, ಯಾವ ಸ್ಟ್ರೇನ್ ಎಂದು ಕೇಳಿದ. "ಹೌಸ್ ಸ್ಟ್ರೇನ್" ಅಂದೆ. ಇದಕ್ಕಿಂತ ನಿಜವಾದ ಉತ್ತರವಿಲ್ಲ.

ವಿಶ್ವನನ್ನು ದ್ವೇಷಿಸಲು ಇದ್ದ ಒಂದೇ ಕಾರಣವನ್ನೂ ಅವನೇ ಕಿತ್ತುಕೊಂಡ. ಇದಕ್ಕೆ ಬೇರೆ ಸೇಡು ತೀರಿಸಿಕೊಳ್ಳಬೇಕು.

ಕೆಳಗಿಳಿದು ಬಂದಾಗ ತೃಪ್ತಿಯ ಕೈಯಲ್ಲಿ ಗ್ಲಾಸ್. ಮೂಸುತ್ತಿದ್ದಳು.

"ಇದು ನನ್ನ ಹಿಟ್ಟಿನ ವಾಸನೆ."

"ಛೆ, ಛೆ."

"ವಾರವಾರ ರುಬ್ಬೋಳು ನಾನು ರೀ."

 ಪುಂಗೋಲಿನಲ್ಲಿ ಎಲ್‌ಆರ್‌ಟಿ ರೈಲು ಹತ್ತುವಾಗ ಅಂದಳು, "ನೀವು ಬಾಟಲಿ ತೊಳೀತಿದ್ದಾಗಲೇ ಚೆನ್ನಾಗಿದ್ರಿ."

ಜುಲೈ 20, ಭಾನುವಾರ, ಬೆಳಿಗ್ಗೆ

ಎಲ್ಲ ಬಿಚ್ಚಿ ತೊಳೆಯುತ್ತಿದ್ದೆ. ಪೈಪುಗಳು ಕಸಕ್ಕೆ. ಕಾಲಿಂಗ್ ಬೆಲ್ ಆಯಿತು. ವಿಶ್ವ! ಹಲಸಿನಹಣ್ಣು ಹೊತ್ತು ತಂದಿದ್ದಾನೆ.

"ಏನೋ ಇದು, ಫ್ಯಾಕ್ಟರಿ! ಪಂಪ್ ಬೇರೆ!" ಕೊಳದಪ್ಪಲೆಯ ನಲ್ಲಿ ತಿರುಗಿಸಿ, ಇಡ್ಲಿ ತಟ್ಟೆ ಎತ್ತಿ ಎತ್ತಿ ನೋಡಿದ. "ಇಷ್ಟೆಲ್ಲ ಒಬ್ಬನೇ ಮಾಡಿದ್ಯಾ? ಬಿಡು, ಇವತ್ತು ನಾನು ತೊಳೀತೀನಿ." ಬ್ರಷ್ ಕಿತ್ತುಕೊಂಡ. ಶರ್ಟಿನ ತೋಳು ಮಡಚಿ ಬಗ್ಗಿದ.

ಮೊಬೈಲ್ ತೆಗೆದೆ. ಸದ್ದಿಲ್ಲದೆ ಒಂದು ಫೋಟೊ. ಮೊಣಕೈವರೆಗೂ ನೊರೆ, ಕೈಯಲ್ಲಿ ನನ್ನ ಬಾಟಲಿ. ಕ್ಲಬ್ಬಿನ ವಾಟ್ಸ್ಯಾಪ್ ಗ್ರೂಪ್ ತೆರೆದೆ. ಟೈಪ್ ಮಾಡಿದೆ: ಹಿ ವಾಷಸ್ ಮೈ ಬಾಟಲ್ಸ್, ಲಾ!

ಹಿಂದಿನಿಂದ ಕಾಫಿಯ ವಾಸನೆ. ತೃಪ್ತಿ ನನ್ನ ಹೆಗಲ ಮೇಲಿಂದ ಓದುತ್ತಿದ್ದಳು.

"ಕಳಿಸಿ" ಅಂದಳು, ಮೆಲ್ಲಗೆ. "ಕೆಳಗೆ ನಾನೂ ಒಂದು ಮೆಸೇಜ್ ಹಾಕ್ತೀನಿ. ಹಿಟ್ಟಿನ ರೆಸಿಪಿ."

ವಿಶ್ವ ತಲೆಯೆತ್ತಿದ. "ಏನದು ರೆಸಿಪಿ?"

"ಇಡ್ಲೀದು" ಅಂದಳು. "ತಿಂದ್ಕೊಂಡು ಹೋಗಿ."

ಆರು ಇಡ್ಲಿ ತಿಂದು ಹೋದ. ನಮ್ಮ ಕೆಂಪು ಮುಚ್ಚಳದ ಜಾರಿನಲ್ಲಿ ಚಟ್ನಿಪುಡಿ ತುಂಬಿ ಕಳಿಸಿದಳು. ಅದು ತುಂಬಿಕೊಂಡು ವಾಪಸ್ ಬರುವುದು ಖಂಡಿತ.

ಅದೇ ದಿನ, ಸಂಜೆ

ಫೋಟೊ ಇನ್ನೂ ಇದೆ. ತುಂಬ ಚೆನ್ನಾಗಿ ಬಂದಿದೆ. ಕಳಿಸಿಲ್ಲ. ಅಳಿಸಿಯೂ ಇಲ್ಲ.

ಅವನು ತೊಳೆದದ್ದನ್ನು ಬೆಳಕಿಗೆ ಹಿಡಿದು ನೋಡಿದೆ. ಪ್ರತಿಯೊಂದರ ತಳದಲ್ಲೂ ಒಂದು ಸುತ್ತು ಕಲೆ. ಕತ್ತಿನೊಳಗೆ ಸೋಡಾ ಹಾಗೇ ಇದೆ. ಥೂ! ಬಿಸಿನೀರಿಟ್ಟು ಎಲ್ಲವನ್ನೂ ಮೊದಲಿಂದ ತೊಳೆಯುತ್ತಿದ್ದೇನೆ, ನಡುವೆ ಕೈ ಒರೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಯಾರು ಏನೇ ಅನ್ನಲಿ, ಈ ಸಿಂಗಾಪುರದಲ್ಲಿ ಬಾಟಲಿ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವನು ಯಾವನೂ ಇಲ್ಲ.